ಇಬ್ಬರ ರಕ್ತದಲ್ಲೂ ಅರ್ಧ

ಸಾಂಬ್ರಾಣಿ, ಹಳಿಯಾಳ ತಾಲೂಕು

ಪ್ರೀತಿಯ ರೋಹಿದಾಸ,

ಫೋನಿನಲ್ಲಿ ನಿನ್ನ ದನಿ ಕೇಳಿದರೆ ಮನಸ್ಸು ಕರಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ನಾನು ನಿನ್ನನ್ನು ಮದುವೆಯಾಗುವುದಿಲ್ಲ.

ನನ್ನ ತಮ್ಮ ಪುಂಡಲೀಕ ಹೇಗೆ ಹೋದನೆಂದು ನೀನು ಕಣ್ಣಾರೆ ಕಂಡವನು. ಕಬ್ಬಿನ ಗದ್ದೆಯಲ್ಲಿ ಕುಸಿದು ಕೂತರೆ ಸೋದರಮಾವ, “ಕುಣಿಯಲಾರದಾಕಿ ನೆಲ ಡೊಂಕ ಅಂದ್ಲಂತ” ಎಂದು ಹಂಗಿಸುತ್ತಿದ್ದ. ಗಾಯವಿಲ್ಲದ ನೋವನ್ನು ಯಾರು ನಂಬುತ್ತಾರೆ? “ಅಕ್ಕಾ, ಎಲುಬಿನಾಗ ಯಾರೋ ಗುದ್ದಲಿ ಹಾಕಾಕತ್ತಾರ” ಎಂದು ಹೊರಳಾಡಿದ. ಮೈ ಕಾದಿದೆಯೆಂದು ಅವ್ವ ಹಳ್ಳದ ತಣ್ಣೀರು ಸುರಿದಳು. ಆ ತಂಪಿಗೆ ನೋವು ಇನ್ನಷ್ಟು ಕೆರಳಿತು. ನೀನು ಬೈಕಿನಲ್ಲಿ ಹಳಿಯಾಳದ ಆಸ್ಪತ್ರೆಗೆ ಒಯ್ದೆ, ಆದರೆ ಅವನು ಉಳಿಯಲಿಲ್ಲ.

ಆಮೇಲೆ ನಮ್ಮೆಲ್ಲರ ರಕ್ತ ನೋಡಿದ ಡಾಕ್ಟರಮ್ಮ ಬಿಡಿಸಿ ಹೇಳಿದರು. ರಕ್ತಕಣದೊಳಗೆ ನಮ್ಮ ಉಸಿರನ್ನು ಹೊರುವ ಒಂದು ಪ್ರೋಟೀನ್ ಇದೆ. ಪುಂಡಲೀಕನಲ್ಲಿ ಅದರ ರಚನೆ ಒಂದು ಚೂರು ಬೇರೆ. ಹೊತ್ತ ಉಸಿರನ್ನು ಇಳಿಸಿದ ಕೂಡಲೇ ಆ ಪ್ರೋಟೀನುಗಳು ಒಂದಕ್ಕೊಂದು ಅಂಟಿ ಕಡ್ಡಿಗಳಾಗುತ್ತವೆ. ದುಂಡಗೆ, ಮೆತ್ತಗಿದ್ದ ಕಣ ಕುಡುಗೋಲಿನಂತೆ ಬಾಗಿ ಗಡುಸಾಗುತ್ತದೆ, ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ, ಬೇಗ ಒಡೆಯುತ್ತದೆ. ಅಪ್ಪ ಅವ್ವ ಇಬ್ಬರಿಂದಲೂ ಈ ದೋಷ ಬಂದರೆ ಹೀಗೆ. ಒಬ್ಬರಿಂದ ಬಂದು ಅರ್ಧ ಮಾತ್ರ ಇದ್ದವರಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ, ಮಲೇರಿಯಾದ ಎದುರು ಅದೇ ಕಾಪಾಡುತ್ತದೆ. ಈ ಕಾಡಿನಲ್ಲಿ ನಮ್ಮ ಸಿದ್ದಿ ಹಿರಿಯರನ್ನು ಉಳಿಸಿದ್ದೂ ಅದೇ ಇರಬಹುದು, ಪುಂಡಲೀಕನನ್ನು ಕೊಂದದ್ದೂ ಅದೇ. ಯಾರನ್ನು ಬೈಯಲಿ ಹೇಳು.

ನನ್ನದೂ ಅರ್ಧ, ನಿನ್ನದೂ ಅರ್ಧ. “ಹೆದರಬ್ಯಾಡ, ನಮಗೇನ್ ರೋಗ ಐತಿ?” ಎಂದು ನೀನಂದೆ. ನಮಗಿಲ್ಲ. ಆದರೆ ನಮಗೆ ಹುಟ್ಟುವ ಪ್ರತಿ ಮಗುವಿಗೂ ಪುಂಡಲೀಕನ ಗತಿ ಬರುವ ಸಾಧ್ಯತೆ ನಾಲ್ಕರಲ್ಲೊಂದು. “ಮಕ್ಕಳ ಬ್ಯಾಡ ಬಿಡು, ನಾವಿಬ್ಬರ ಇರೂಣು” ಎಂದೂ ಹೇಳಿದೆ. ಹೇಳುವಾಗ ನಿನ್ನಕ್ಕನ ಮಗಳು ನಿನ್ನ ಹೆಗಲ ಮೇಲೆ ಕೂತು ಕೂದಲು ಜಗ್ಗುತ್ತಿದ್ದಳು, ನೀನು ನಗುತ್ತಿದ್ದೆ. ಬಸಿರಿನಲ್ಲೇ ಪರೀಕ್ಷೆ ಮಾಡಬಹುದಂತೆ. ಆಮೇಲೆ ಏನು ಮಾಡಬೇಕೆಂದು ನಿರ್ಧರಿಸುವ ಗಟ್ಟಿತನ ನನ್ನಲ್ಲಿಲ್ಲ. ಹಾಗೆ ನರಳುವ ಇನ್ನೊಂದು ಜೀವವನ್ನು ಮಡಿಲಲ್ಲಿ ಹಾಕಿಕೊಂಡು ಕೂರಲಾರೆ.

ನಿಮ್ಮವ್ವ ಮುಂಡಗೋಡದ ಕಡೆ ಹುಡುಗಿ ನೋಡಿದ್ದಾರೆಂದು ಕೇಳಿ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಆದರೂ ಹೋಗು. ವೀಳ್ಯ ಹಿಡಿಯುವ ಮೊದಲು ಅವಳ ರಕ್ತ ಪರೀಕ್ಷೆ ಮಾಡಿಸು. ಯಾರು ಸಿಟ್ಟಾದರೂ ಬಿಡಬೇಡ. ಅವಳಲ್ಲಿ ಇದು ಇಲ್ಲವೆಂದಾದರೆ, ಅವಳನ್ನು ಚೆನ್ನಾಗಿ ನೋಡಿಕೋ.

ನಿನ್ನ ಮನೆ ತುಂಬ ಗಟ್ಟಿಮುಟ್ಟಾದ ಮಕ್ಕಳಾಗಲಿ. ಒಂದಕ್ಕೂ ನನ್ನ ಹೆಸರಿಡಬೇಡ.

ಇನ್ನು ನಿನ್ನವಳಲ್ಲದ,
ಸ್ವಪ್ನಾ