ಮೇಲಿನ ಮನೆಯ ಅಡುಗೆಕಟ್ಟೆ

ನನ್ನ ಪ್ರೀತಿಯ, ತುಂಬಾ ತುಂಬಾ ಪ್ರೀತಿಯ ಅತ್ತೆಗೆ,

ಇಂಗ್ಲಿಷ್ ಶಾಲೆಯಲ್ಲಿ ಓದಿದ ನಾನು ಕನ್ನಡದಲ್ಲಿ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ನಗು ಬಂದರೆ ನಾದಿನಿಗೂ ಓದಿ ಹೇಳಿ, ಇಬ್ಬರೂ ನಗಿ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ಲೊಡಲೊಡ ಮಾತಾಡುತ್ತೇನೆ, ನೀವು ಹೂಂ ಹೂಂ ಅನ್ನುತ್ತೀರಿ, ಹೇಳಬೇಕಾದ್ದು ಗಂಟಲಲ್ಲೇ ಉಳಿಯುತ್ತದೆ. ಮೊಮ್ಮಗುವನ್ನು ನೋಡಿಕೊಳ್ಳಲು ನೀವು ನಾದಿನಿಯ ಮನೆಗೆ ಹೋದಾಗಿನಿಂದ ಮನೆ ಬಿಕೋ ಅನ್ನುತ್ತಿದೆ. ನಿಮ್ಮ ಮಗ ಒಣಗಿದ ಬಟ್ಟೆ ಮಡಚುತ್ತಾ ಸೀಟಿ ಹೊಡೆಯುತ್ತಾರಲ್ಲ, ಅದು ಕಿವಿಗೆ ಬಿದ್ದರೆ ಸಾಕು, ನನಗೆ ಈಗಲೂ ಮೈ ಜುಂ ಅನ್ನುತ್ತದೆ. ಅತ್ತೆಗೆ ಇದನ್ನೆಲ್ಲ ಬರೆಯಬಾರದೇನೋ. ಬರೆದಾಯಿತು, ಬಿಡಿ.

ಇಷ್ಟು ಸಂತೋಷ ಇದ್ದೂ ನಾನು ಸುಸ್ತಾಗಿದ್ದೇನೆ ಅತ್ತೆ. ನಿದ್ದೆ ಮಾಡಿದರೆ ಹೋಗುವ ಸುಸ್ತಲ್ಲ.

ಆಫೀಸಿನಲ್ಲಿ ಏನು ಕೆಲಸ ಎಂದು ನೀವೊಮ್ಮೆ ಕೇಳಿದ್ದಿರಿ. ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ಕಂಪ್ಯೂಟರ್ ಕೆಲಸ ಎಂದು ಹೇಳಿ ಓಡಿದ್ದೆ. ನಿಜವಾದ ಕೆಲಸ ಇದು: ಮನೆ ಕಟ್ಟುವವರು, ಒಡೆಯುವವರು, ಮಹಡಿ ಏರಿಸುವವರು ನಗರಸಭೆಗೆ ಕೊಡುವ ಪರವಾನಗಿ ಅರ್ಜಿಗಳನ್ನು ನಾನು ದಿನವಿಡೀ ಓದುತ್ತೇನೆ. ಕಟ್ಟಡ ಎದ್ದು ನಿಂತ ಮೇಲೆ ಬೀದಿಯ ಬೆಲೆ ಏರಿದ್ದು ಎಲ್ಲರಿಗೂ ಕಾಣುತ್ತದೆ. ಅರ್ಜಿ ಮಾತ್ರ ಇಟ್ಟಿಗೆಗಿಂತ ಮೊದಲೇ ಬರುತ್ತದೆ. ಹಳೆಯ ಎರಡಂತಸ್ತಿನ ಮನೆಗಳಿಗೆ ಲಿಫ್ಟ್ ಕೇಳಿದರೆ ಅಲ್ಲಿನ ಹಿರಿಯರು ಜಾಗ ಬಿಟ್ಟು ಕದಲುವುದಿಲ್ಲ, ಆ ಬೀದಿಯಲ್ಲಿ ಮನೆ ಮಾರಾಟಕ್ಕೆ ಬರುವುದಿಲ್ಲ. ಒಡೆಯುವ ಅರ್ಜಿ ಮೇಲಿಂದ ಮೇಲೆ ಬಂದು ಕಟ್ಟುವ ಅರ್ಜಿ ಒಂದೂ ಬರದಿದ್ದರೆ, ಯಾರೋ ಸದ್ದಿಲ್ಲದೆ ಸಾಲಾಗಿ ಕೊಳ್ಳುತ್ತಿದ್ದಾರೆ ಎಂದರ್ಥ. ಮಹಡಿ ಮೇಲೆ ಎರಡನೇ ಅಡುಗೆಮನೆ, ಜೊತೆಗೆ ಹೊರಗಿನಿಂದ ಮೆಟ್ಟಿಲು ಎಂದರೆ ಮನೆಯವರು ಬೇರೆಯಾಗುತ್ತಿದ್ದಾರೆ, ಇಲ್ಲವೇ ಬಾಡಿಗೆಯವರು ಬರುತ್ತಾರೆ. ಒಂದು ಅರ್ಜಿ ಏನನ್ನೂ ಹೇಳುವುದಿಲ್ಲ. ಒಂದೇ ಬೀದಿಯಿಂದ ನಾಲ್ಕಾರು ಬಂದವೋ, ಬೀದಿ ಬಾಯಿಬಿಟ್ಟಂತೆ. ಅದನ್ನು ನಾವು ವರದಿ ಮಾಡುತ್ತೇವೆ, ಮನೆ ಕೊಳ್ಳುವವರೂ ದಲ್ಲಾಳಿಗಳೂ ಅದನ್ನು ತೆಗೆದುಕೊಳ್ಳುತ್ತಾರೆ. ನಿಮ್ಮ ಮಗ ನನ್ನನ್ನು ಗೋಡೆ ಜೋಯಿಸರು ಎಂದು ಕರೆಯುತ್ತಾರೆ. ನಮ್ಮ ಬಾಸ್ ಹೇಳಿಕೊಟ್ಟ ಮೊದಲ ಪಾಠ, “ಜನ ಬಾಯಲ್ಲಿ ಏನಂತಾರೆ ಅನ್ನೋದು ಬೇಡ, ಅರ್ಜೀಲಿ ಏನು ಕೇಳಿದ್ದಾರೆ ನೋಡು.”

ಹಾಗೆ ನೋಡುತ್ತಿದ್ದಾಗಲೇ ನಮ್ಮ ಬೀದಿ ಸಿಕ್ಕಿತು. ಮೂಲೆಮನೆ ದರ್ಜಿಯವರು ಮೇಲೊಂದು ಅಡುಗೆಮನೆ ಕೇಳಿದ್ದರು. ಎದುರುಮನೆ ಮೇಷ್ಟರೂ ಕೇಳಿದ್ದರು. ನನ್ನದೇ ಬೀದಿ ಮೇಲೇಳುತ್ತಿದೆ ಎಂದು ಕುಣಿಯುತ್ತಾ ಗುರುತು ಹಾಕಿದೆ. ಮುಂದಿನದನ್ನು ತೆರೆದರೆ ನಿಮ್ಮ ಸಹಿ.

ಮೇಲೊಂದು ಕೋಣೆ, ಅಡುಗೆಮನೆ, ಹೊರಗಿನಿಂದ ಮೆಟ್ಟಿಲು. ನಡುಮನೆಯಿಂದ ತಾರಸಿಗೆ ಹೋಗುವ ಹಳೆಯ ಮೆಟ್ಟಿಲಿಗೆ ಅಡ್ಡಲಾಗಿ ಒಂದು ಗೋಡೆ. ನಿಮ್ಮ ಮಗನನ್ನು ಕೇಳಿದರೆ, “ಅಮ್ಮ ಮೇಲೊಂದು ರೂಮ್ ಹಾಕಿಸ್ತಾರಂತೆ” ಎಂದು ಟವೆಲ್ ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಹೋದರು. ಅಡುಗೆಮನೆಯ ವಿಷಯ ಅವರಿಗೆ ಗೊತ್ತೇ ಇರಲಿಲ್ಲ. ನಾನೂ ಹೇಳಲಿಲ್ಲ. ನಿಮ್ಮನ್ನು ಕೇಳುವ ಧೈರ್ಯವೂ ಬರಲಿಲ್ಲ. ಮದುವೆಯಾಗಿ ಇನ್ನೂ ಕೈಯ ಬಳೆ ಹಳತಾಗಿರಲಿಲ್ಲ, ಅಷ್ಟರಲ್ಲೇ ನಮ್ಮಿಬ್ಬರನ್ನು ಮೇಲಕ್ಕೆ ಸಾಗಿಸುತ್ತಾರೆ ಎಂದುಕೊಂಡೆ. ವರದಿಯಲ್ಲಿ ನಮ್ಮ ಮನೆಯನ್ನೂ ಸೇರಿಸಿ, ಬಾಡಿಗೆಗೆ ತಿರುಗುವ ಬೀದಿ ಎಂದು ಬರೆದು ಕಳಿಸಿದೆ.

ಆಮೇಲೆ ನಿಮ್ಮನ್ನೂ ಅರ್ಜಿಯಂತೆ ಓದತೊಡಗಿದೆ. ನೀವು ಪಾತ್ರೆಗಳನ್ನು ಎರಡು ಪಾಲು ಮಾಡಿ ಜೋಡಿಸಿದರೆ ಓದಿದೆ. ಒಲೆಯ ಮುಂದೆ ಸೊಂಟಕ್ಕೆ ಕೈಕೊಟ್ಟು ಮುಖ ಗಂಟಿಕ್ಕಿ ನಿಂತರೆ ಓದಿದೆ. ಬೆಳಿಗ್ಗೆ ನಿಮ್ಮೆದುರು ನಗಬೇಕು, ಸಂಜೆ ಬಸ್ಸಿನಲ್ಲಿ ಮುಖ ಒರೆಸಿಕೊಂಡು ಬಂದು ಮತ್ತೆ ನಗಬೇಕು. ನಕ್ಕು ನಕ್ಕು ದವಡೆ ನೋಯುತ್ತಿತ್ತು.

ನೀವು ಹೊರಡುವ ಹಿಂದಿನ ದಿನ ಆ ದಲ್ಲಾಳಿ ಬಂದನಲ್ಲ. ನಾನು ಬಾಗಿಲ ಹಿಂದೆಯೇ ಇದ್ದೆ. ಮೇಲಿನ ಮನೆ ಬಾಡಿಗೆಗೆ ಬರುತ್ತಂತೆ ಎಂದ. ಇನ್ನೂ ಇಟ್ಟಿಗೆಯೇ ಬಂದಿಲ್ಲ, ನಿನಗೆ ಯಾರಪ್ಪ ಹೇಳಿದ್ದು ಎಂದಿರಿ ನೀವು. ಮೇಲೆ ಅಡುಗೆಮನೆ ಹಾಕಿಸಿದರೆ ಬಾಡಿಗೆಗೇ ತಾನೇ ಎಂದ ಅವನು. ನನ್ನ ವರದಿಯ ಮಾತೇ ಅವನ ಬಾಯಲ್ಲಿ.

“ಬಾಡಿಗೆಗಲ್ಲ, ನಾನಿರೋಕೆ. ಬಗ್ಗಿ ಬಗ್ಗಿ ಸಾಕಾಗಿದೆ ಕಣಪ್ಪ.”

“ಯಾಕಮ್ಮ, ಸೊಸೆ ಜೊತೆ ಸರಿಹೋಗ್ಲಿಲ್ವಾ?”

“ಅವಳೇನು ಮಾಡ್ತಾಳೆ ಪಾಪ. ಬಾಯಿ ತೆಗೆದ್ರೆ ನಿಲ್ಸಲ್ಲ, ಅಷ್ಟೇ. ಕೆಳಗಿನ ಅಡುಗೆಕಟ್ಟೆ ನಮ್ಮತ್ತೆ ಅಳತೆಗೆ ಹಾಕಿಸಿದ್ದು. ಅವರು ಕುಳ್ಳು, ನಾನು ಉದ್ದ. ಬಂದ ದಿನದಿಂದ ಬಗ್ಗಿಕೊಂಡೇ ಬೇಯಿಸಿದ್ದೀನಿ. ಇವಳು ಅಲ್ಲಿ ನಿಂತಾಗ ನೋಡ್ದೆ, ಇವಳಿಗೆ ಸರಿಯಾಗಿದೆ. ಇವಳ ಕಾಲಕ್ಕೆ ಅದನ್ನ ಒಡೆಸೋದ್ಯಾಕೆ? ನಾನು ಮೇಲೆ ನನ್ನಳತೇದು ಹಾಕಿಸ್ಕೋತೀನಿ.”

ನಿಮ್ಮ ನಕ್ಷೆಯಲ್ಲಿ ಅಡುಗೆಮನೆಯ ಪಕ್ಕ ಕಟ್ಟೆಯ ಎತ್ತರ ಬರೆದು ಸುತ್ತ ಗೆರೆ ಎಳೆದಿತ್ತು ಅತ್ತೆ. ಪರವಾನಗಿಗೆ ಕೊಡುವ ನಕ್ಷೆಯಲ್ಲಿ ಅದನ್ನು ಯಾರೂ ಬರೆಯುವುದಿಲ್ಲ. ನಕ್ಷೆ ಬರೆದವನ ಕೈತಪ್ಪು ಎಂದುಕೊಂಡು ಮುಂದೆ ಹೋಗಿದ್ದೆ. ಆ ಮನೆಯ ಬಗ್ಗೆ ಇಡೀ ಹಾಳೆಯಲ್ಲಿ ಇದ್ದ ನಿಜವಾದ ಸುದ್ದಿ ಅದೊಂದೇ. ನೀವು ಒಳಗೆ ಬಂದು ಸೊಂಟಕ್ಕೆ ಕೈಕೊಟ್ಟು ಒಲೆ ಹಚ್ಚಿದಿರಿ. ಅದು ಸಿಟ್ಟಲ್ಲ, ನೋವು ಎಂದು ತಿಳಿದರೂ ನನ್ನ ಬಾಯಿ, ನಿಲ್ಲದ ಈ ಬಾಯಿ, ಅವತ್ತು ತೆರೆಯಲಿಲ್ಲ. ಬೆಳಿಗ್ಗೆ ನೀವು ಬಸ್ಸು ಹತ್ತಿದಿರಿ.

ನಮ್ಮ ಮನೆಯನ್ನು ಲೆಕ್ಕದಿಂದ ತೆಗೆಯಬೇಕು ಎಂದು ಬಾಸ್‌ಗೆ ಹೇಳಿದೆ. ಒಂದು ಮನೆ ಬಿಟ್ಟರೆ ಬೀದಿಯೇನೂ ಬದಲಾಗುವುದಿಲ್ಲ ಎಂದರು. ಅವರು ಹೇಳಿದ್ದೂ ಸರಿ, ದರ್ಜಿಯವರ ಮಹಡಿಗೆ ಬಾಡಿಗೆಯವರು ಬಂದೇ ಬಿಟ್ಟರು. ಆದರೆ ಈಗ ಯಾವ ನಕ್ಷೆ ತೆರೆದರೂ ಇದು ಯಾರ ಸೊಂಟವೋ, ಯಾರ ಮೊಣಕಾಲೋ ಎಂದು ನೋಡುತ್ತಾ ಕೂರುತ್ತೇನೆ. ಕೆಲಸ ರಾಶಿ ಬೀಳುತ್ತಿದೆ, ಕಣ್ಣು ಉರಿಯುತ್ತದೆ.

ಮೇಲೆ ಗೋಡೆ ಎದ್ದಿದೆ, ಸೂರು ಹಾಕಿದ್ದೂ ಆಗಿದೆ. ಮೇಸ್ತ್ರಿ ಕಟ್ಟೆ ಹಾಕಲು ಬಂದವರು, ಇಷ್ಟು ಎತ್ತರ ಯಾರ ಮನೆಯಲ್ಲೂ ಇಲ್ಲ, ಎಲ್ಲರಿಗೂ ಹಾಕುವಂತೆ ಹಾಕುತ್ತೇನೆ ಎಂದರು. ನಿಮ್ಮ ಮಗ ಆಗಲಿ ಎಂದು ತಲೆಯಾಡಿಸುತ್ತಿದ್ದರು. ನಾನು ಬಿಡಲಿಲ್ಲ. ನೀವು ಬಂದು ಅಲ್ಲಿ ನಿಂತು, ಮೊಣಕೈಗೆ ಅಳತೆ ಹಿಡಿದ ಮೇಲೇ ಕಟ್ಟೆ ಎಂದೆ. ಹಾಗೇ ಹಳೆಯ ಮೆಟ್ಟಿಲಿಗೆ ಗೋಡೆ ಕಟ್ಟುವುದನ್ನೂ ನಿಲ್ಲಿಸಿದ್ದೇನೆ. ಆ ಗೋಡೆ ನೀವಾಗಿ ಕೇಳಿದ್ದೋ, ನಕ್ಷೆಯವನು ರೂಢಿಯಂತೆ ಎಳೆದದ್ದೋ ನನಗೆ ಗೊತ್ತಿಲ್ಲ. ಈ ಸಲ ಊಹಿಸುವುದಿಲ್ಲ, ಕೇಳುತ್ತಿದ್ದೇನೆ. ಗೋಡೆ ಬೇಡವೆಂದು ತಿದ್ದುಪಡಿ ಅರ್ಜಿ ಬರೆದು ಇದರ ಜೊತೆ ಇಟ್ಟಿದ್ದೇನೆ. ನನ್ನ ಬಾಯಿಂದ ತಪ್ಪಿಸಿಕೊಳ್ಳಲು ಗೋಡೆ ಬೇಕೇ ಬೇಕು ಎನ್ನಿಸಿದರೆ ಸಹಿ ಹಾಕಬೇಡಿ, ನಾನೇ ನಿಂತು ಕಟ್ಟಿಸುತ್ತೇನೆ. ಹಾಕಿದರೆ, ಎರಡು ಅಡುಗೆಮನೆಗಳ ನಡುವೆ ಒಳಗಿನ ಮೆಟ್ಟಿಲು ತೆರೆದೇ ಇರುತ್ತದೆ. ಅಂಥ ಮನೆಯನ್ನು ಹೇಗೆ ಓದಬೇಕು ಎಂದು ನಮ್ಮ ಆಫೀಸಿನಲ್ಲಿ ಯಾರಿಗೂ ಗೊತ್ತಿಲ್ಲ.

ಪುಟ್ಟ ಮಗುವಿಗೆ ನನ್ನ ಮುತ್ತು. ಅದನ್ನು ಎತ್ತಿಕೊಳ್ಳುವಾಗ ಬಗ್ಗಬೇಡಿ, ಕೂತು ಎತ್ತಿಕೊಳ್ಳಿ. ನಿಮ್ಮ ಬೆನ್ನು ಇನ್ನು ಮುಂದೆ ನೆಟ್ಟಗಿರಲಿ.

ಕುಳ್ಳು ಕಟ್ಟೆಯ ಮುಂದೆ ನಿಂತಿರುವ
ನಿಮ್ಮ ಸೊಸೆ