ಗೆರೆಯ ಹಿಂದೆ ನಿಲ್ಲುವವನಿಗೆ

ಕೋಡಿ, ಕುಂದಾಪುರ
೧೪ ನವೆಂಬರ್ ೨೦೨೫

ಪ್ರೀತಿಯ ಅಳಿಯ ಶೈಲೇಶನಿಗೆ,

ನಿನ್ನ ಸೋದರಮಾವ ಗುರುವನ ತುಂಬು ಹೃದಯದ ಆಶೀರ್ವಾದ. ದೀಪಾವಳಿಗೇ ಬರೆಯಬೇಕೆಂದಿದ್ದೆ, ಆಗಲಿಲ್ಲ, ಬೇಸರ ಮಾಡಬೇಡ. ಬೋಟುಗಳ ಮೇಲಿನ ಹೆಸರು ನೋಡಿ ನೋಡಿ ಅಕ್ಷರ ಕಲಿತವನು ನಾನು. ಈಗಲೂ ನನ್ನ ಒಂದೊಂದು ಅಕ್ಷರ ಬೋಟಿನಷ್ಟೇ ದೊಡ್ಡದು, ಹಾಳೆ ಬೇಗ ಮುಗಿದುಹೋಗುತ್ತದೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಎತ್ತುತ್ತಿಲ್ಲ. ಎತ್ತಿದರೂ ನಿನ್ನ ಅಮ್ಮ ಬಾಗಿ ಪಕ್ಕದಲ್ಲೇ ಕೂತಿರುತ್ತಾಳೆ. ಕಾಗದವಾದರೆ ಅವಳಿಗೆ ಓದಲಾಗದು.

ಮೊದಲು ಅದನ್ನೇ ಹೇಳುತ್ತೇನೆ. ಈ ಮಳೆಗಾಲದಲ್ಲಿ ಬಾಗಿಯ ಕಣ್ಣು ಪೂರಾ ಮಬ್ಬಾಯಿತು. ಸಕ್ಕರೆ ಕಾಯಿಲೆಯಿಂದ ಅಂತೆ. ಎದುರು ಯಾರೋ ಇದ್ದಾರೆ ಎಂದು ಗೊತ್ತಾಗುತ್ತದೆ, ಯಾರೆಂದು ಗೊತ್ತಾಗುವುದಿಲ್ಲ. ನಿನಗೆ ತಿಳಿಸಬಾರದೆಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಳು. "ಮಾಣಿ ಅಲ್ಲಿ ಗೆರೆ ಕಾಂಬುದಾ, ನನ್ ಕಣ್ಣಿನ್ ಚಿಂತೆ ಮಾಡುದಾ?" ಎಂದು.

ನೀನಿರುವ ಪರದೇಶದ ಊರಿನ ಒಳಾಂಗಣ ಟೆನಿಸ್ ಟೂರ್ನಿಯ ವಾರ ನಮಗೆ ಎಂಥ ವಾರ ಎಂದು ನಿನಗೆ ಗೊತ್ತು. ವರ್ಷದ ಉಳಿದ ದಿನ ನೀನು ಹೋಟೆಲಿನ ಅಡುಗೆಮನೆಯೊಳಗೆ; ಆ ವಾರ ಮಾತ್ರ ಚೆಂಡು ಗೆರೆ ದಾಟಿತೋ ಎಂದು ನೋಡಿ ಹೇಳುವ ಕೆಲಸಕ್ಕೆ, ಟಿವಿಯೊಳಗೆ. ಲೋಕದ ದೊಡ್ಡ ದೊಡ್ಡ ಆಟಗಾರರು ಬರಲಿ, ನಾವು ನೋಡುವುದು ಅವರನ್ನಲ್ಲ. ಹಿಂದೆ ಗೋಡೆಯ ಹತ್ತಿರ, ಮೊಣಕಾಲಿಗೆ ಕೈ ಊರಿ, ದಡದಿಂದ ಮೀನಿನ ಹಿಂಡು ಹುಡುಕುವವನ ಹಾಗೆ ಬಗ್ಗಿ ನಿಂತ ನಿನ್ನನ್ನು. ನೀನು ಕೈ ಚಾಚಿ "ಔಟ್" ಎಂದು ಕೂಗಿದರೆ ಬಾಗಿ ನೆಟ್ಟಗೆ ಕೂರುತ್ತಿದ್ದಳು. "ನನ್ ಮಗ ಹೇಳಿದ್ ಮೇಲೆ ಯಾರೂ ಬಾಯಿ ಬಿಡುಕಿಲ್ಲೆ!" ಪಕ್ಕದ ಮನೆಯ ಚಂದ್ರಮತಿಗೆ ನಗು. "ಹ್ವಾಯ್ ಬಾಗಿಯಕ್ಕ, ನಿಮ್ ಮಗ ಸಂಬ್ಳ ತಕಂಡ್ ಬಗ್ತ. ನನ್ ಗಂಡ ಮನಿಯಂಗೆ ಒಂದ್ ಕಡ್ಡಿ ಹೆಕ್ಕುಕೂ ಬಗ್ಗುದಿಲ್ಲೆ."

ಈ ವರ್ಷ ಟಿವಿ ಹಾಕಿದರೆ ಗೋಡೆಯ ಹತ್ತಿರ ಯಾರೂ ಇಲ್ಲ. ನೀನೂ ಇಲ್ಲ, ನಿನ್ನಂಥ ಇನ್ನೊಬ್ಬರೂ ಇಲ್ಲ. ಆದರೂ ಚೆಂಡು ಗೆರೆ ದಾಟಿದಾಗಲೆಲ್ಲ "ಔಟ್" ಎಂದು ಸ್ವರ ಬರುತ್ತಿತ್ತು. ಚಂದ್ರಮತಿಯ ಗಂಡ ಸುಧಾಕರ, ಮೀನಿನ ಲಾರಿ ಓಡಿಸುವವನು, ನನ್ನ ಕಿವಿಯ ಹತ್ತಿರ ಬಂದು, "ಗುರುವಣ್ಣ, ಈಗ ಜನ ಇಲ್ಲೆ ಅಂಬ್ರ್. ಎಲ್ಲ ಕ್ಯಾಮರಾ. ಕೂಗುದೂ ಮಿಷಿನೇ" ಎಂದ.

ಅಷ್ಟರಲ್ಲಿ ಬಾಗಿ ಕೇಳಿದಳು, "ಅಣ್ಣಯ್ಯ, ಮಾಣಿ ಎಲ್ಲಿ ನಿತ್ಕಂಡಿದ್ದ?"

ಏನು ಹೇಳಲಿ ಮಗ? "ಎಡ್ಗಡಿ, ನೀಲಿ ಅಂಗಿ" ಎಂದುಬಿಟ್ಟೆ.

"ಸಪೂರ ಆಯ್ದ್ನಾ?"

"ಇಲ್ಲೆ, ಹಾಂಗೇ ಇದ್ದ."

ಮಿಷಿನು "ಔಟ್" ಎಂದಿತು. ಬಾಗಿಯ ಮುಖ ಅರಳಿತು. "ಸ್ವರ ದಪ್ಪ ಆಯ್ತ್ ಅಲ್ದಾ? ಅಲ್ಲಿ ಥಂಡಿ ಜಾಸ್ತಿ." ಸುಧಾಕರ ತಲೆ ತಗ್ಗಿಸಿ ಎದ್ದು ಹೋದ.

ಮರುದಿನ ನಿನ್ನ ಫೋನ್ ಬಂತು. "ಕಂಡ್ರ್ಯಾ ಮಾವ? ಇವತ್ತ್ ಬಲ್ಗಡಿ ಇದ್ದಿದ್ದೆ" ಎಂದೆ ನೀನು. "ಕಂಡೆ ಮಗ, ಲಾಯ್ಕ್ ನಿತ್ಕಂಡಿದ್ದೆ" ಎಂದೆ ನಾನು. ನೀನು ನಮಗಾಗಿ ಹೇಳಿದ ಸುಳ್ಳಿಗೆ ನಾನು ನಿನಗಾಗಿ ಒಂದು ಸೇರಿಸಿದೆ. ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಬಾಗಿ ತಡಕಿ ಫೋನ್ ಕಸಿದುಕೊಂಡಳಲ್ಲ.

"ಮಗ, ಒಂದ್ ಸಲ ಔಟ್ ಅನ್. ಕೇಂಬ."

ನಿನ್ನ ಹಿಂದೆ ಯಾರೋ ಪಾತ್ರೆ ತೊಳೆಯುವ ಸದ್ದು ನನಗೂ ಕೇಳಿತು. ಆಮೇಲೆ "ಅಮ್ಮ, ರೈಲ್ ಬಂತ್" ಎಂದು ಇಟ್ಟುಬಿಟ್ಟೆ. ಬಾಗಿ, "ನೆಟ್ವರ್ಕ್ ಸಮ ಇಲ್ಲೆ" ಎಂದಳು. ಅಂದಿನಿಂದ ನಿನ್ನ ಫೋನಿಲ್ಲ. ಅವಳು ಮಾತ್ರ ಅದನ್ನು ಮಡಿಲಿನಿಂದ ಇಳಿಸಿಲ್ಲ. ಮೀಯಲು ಹೋಗುವಾಗ ನನ್ನ ಕೈಗೆ ಕೊಟ್ಟು, "ಮಾಣಿ ಫೋನ್ ಬಂದ್ರೆ ಕೂಗ್, ಹಾಂಗೇ ಬತ್ತೆ" ಎನ್ನುತ್ತಾಳೆ.

ಆ ಕೆಲಸ ಹೋದದ್ದಕ್ಕೆ ನಾಚಿಕೆ ಯಾಕೆ ಮಗ? ಹಿಂದೆ ನಮ್ಮ ಬೋಟಿಗೂ ಮೀನು ತೋರಿಸುವ ಪೆಟ್ಟಿಗೆ ಬಂತು, ನನ್ನನ್ನು ಮುಂದೆ ನಿಲ್ಲಿಸಿ ನೀರಿನ ಬಣ್ಣ ಕೇಳುವುದನ್ನು ಬಿಟ್ಟರು. ಕೆಲವು ದಿನ ನನಗೆ ಊಟ ಸೇರಲಿಲ್ಲ. ಆಗ ಬಾಗಿಯೇ ಬಂಗ್ಡೆ ಸಾರು ಬಡಿಸುತ್ತಾ, "ಇಷ್ಟ್ ವರ್ಷ ಮೀನ್ ಕಂಡೆ ಅಲ್ದಾ, ಇನ್ ಒಂಚೂರ್ ಕಡ್ಲ್ ಕಾಣ್" ಎಂದಳು. ಅಂಥವಳು ನಿನ್ನನ್ನು ಹಗುರವಾಗಿ ಕಾಣುತ್ತಾಳೆಯೇ?

ನಾನು ಕೇಳುವುದು ಇಷ್ಟೇ. ಒಮ್ಮೆ ಫೋನ್ ಮಾಡು. ಔಟ್ ಎನ್ನು ಎಂದರೆ ಎನ್ನು. ಆಮೇಲೆ ನಿಜ ಹೇಳು. ಅದು ನಿನ್ನ ಬಾಯಿಂದಲೇ ಬರಬೇಕು. ಚಂದ್ರಮತಿಯ ಬಾಯಿ ಇನ್ನೆಷ್ಟು ದಿನ ಮುಚ್ಚಿರುತ್ತದೋ ಗೊತ್ತಿಲ್ಲ. ನೀಲಿ ಅಂಗಿ ತೊಡಿಸಿದವನು ನಾನು, ಬೈದರೆ ನನ್ನನ್ನು ಬೈಯಲಿ. ಅವಳ ಕಣ್ಣಿನ ವಿಷಯ ನಾನು ಬರೆದೆ ಎಂದು ಮಾತ್ರ ಹೇಳಬೇಡ, ಅವಳೇ ಹೇಳುವವರೆಗೆ ಕಾಯಿ.

ಈ ಸಲ ಬಂಗ್ಡೆ ಪರವಾಗಿಲ್ಲ. ಮನೆಯ ಮಾಡಿಗೆ ಹೊಸ ಹಂಚು ಹಾಕಿಸಿದೆ. ಥಂಡಿಯಲ್ಲಿ ಕಿವಿ ಮುಚ್ಚಿಕೊಂಡು ಓಡಾಡು. ಮದುವೆಯಾಗದ ನನಗೆ ಮಗ ಎಂದರೂ ಅಳಿಯ ಎಂದರೂ ನೀನೇ. ಎಲ್ಲಿ ನಿಂತರೂ ನೆಟ್ಟಗೆ, ಸುಖವಾಗಿರು.

ನಿನ್ನ ಮಾವ,
ಗುರುವ

ವಿ. ಸೂ.: ಮಡಚಿದ ಕಾಗದ ಬಿಚ್ಚಿ ಬರೆಯುತ್ತಿದ್ದೇನೆ. ಫೈನಲ್ ಆಟದ ಸಂಜೆ ಬಾಗಿಯನ್ನು ಚಂದ್ರಮತಿ ಹೆಮ್ಮಾಡಿಗೆ ನೆಂಟರ ಮನೆಗೆ ಕರೆದುಕೊಂಡು ಹೋಗಿದ್ದಳು. ಮನೆಯಲ್ಲಿ ನಾನೊಬ್ಬನೇ. ಯಾರಿಗೂ ಸುಳ್ಳು ಹೇಳಬೇಕಾಗಿರಲಿಲ್ಲ, ಟಿವಿ ಹಾಕಬೇಕಾಗಿಯೂ ಇರಲಿಲ್ಲ. ಆದರೂ ಹಾಕಿದೆ. ಖಾಲಿ ಗೋಡೆ ನೋಡುತ್ತಾ, "ಮಾಣಿ ಈಗ ಬಗ್ಗಿದ… ಈಗ ಬೆವರ್ ಒರ್ಸಿಕಂಡ… ಈಗ ಇತ್ಲಾಗೆ ತಿರ್ಗಿದ" ಎಂದು ಗಟ್ಟಿಯಾಗಿ ಹೇಳತೊಡಗಿದೆ. ಗೆದ್ದವನಿಗೆ ಕಪ್ ಕೊಟ್ಟು ಜನರೆಲ್ಲ ಎದ್ದು ಹೋಗುವವರೆಗೂ ಹೇಳಿದೆ. ಬಾಗಿಗಾದರೆ ಕಣ್ಣು ಕಾಣುವುದಿಲ್ಲ. ನನಗೆ ಕಾಣುತ್ತದೆ, ಮಗ.