ಮೂರು ಚುಕ್ಕೆ ಉಳಿಸಿಕೊಂಡ ಕೋಶ

ನವೆಂಬರ್ ೧೪, ಗುರುವಾರ, ರಾತ್ರಿ

ಆ ಒಂದು ಕೋಶ ಕಣ್ಣಿಂದ ಮರೆಯಾಗುತ್ತಿಲ್ಲ.

ಎಕ್ಸ್‌ರೇ ಬಿದ್ದು ಡಿಎನ್‌ಎ ತುಂಡಾದರೆ ಕೋಶ ಎರಡಾಗುವುದನ್ನು ನಿಲ್ಲಿಸಿ ರಿಪೇರಿಗೆ ಕೂರುತ್ತದೆ. ತುಂಡಾದಲ್ಲೆಲ್ಲ ಮೈಕ್ರೋಸ್ಕೋಪಿನಲ್ಲಿ ಹಸಿರು ಚುಕ್ಕೆ. ಚುಕ್ಕೆಗಳೆಲ್ಲ ಆರಿದ ಮೇಲೇ ಅದು ಮತ್ತೆ ಎರಡಾಗಬೇಕೆಂದು ನಂಬಿದ್ದೆ. ಚುಕ್ಕೆ ಉಳಿಸಿಕೊಂಡೇ ಎರಡಾದ ಕೋಶಗಳು ನನ್ನ ಕಣ್ತಪ್ಪೆಂದು ಎರಡು ತಿಂಗಳಿಂದ ನೋಟ್‌ಬುಕ್ಕಿನಲ್ಲಿ ಅವುಗಳ ಮೇಲೆ ಕೆಂಪು ಗೀಟು ಎಳೆಯುತ್ತಿದ್ದೆ.

ಇವತ್ತು ಲ್ಯಾಬಿನಲ್ಲಿ ಪಕ್ಕದ ಬೆಂಚಿನವಳು ನನ್ನ ನೋಟ್‌ಬುಕ್ ನೋಡಿ ನಕ್ಕಳು. "ಅಯ್ಯೋ, ಇವನ್ನ ಯಾಕೆ ಹೊಡೆದು ಹಾಕ್ತಿದೀಯ? ಪೂರ್ತಿ ವಾಸಿಯಾಗ್ಲಿ ಅಂತ ಕಾದ್ರೆ ಕೂತಲ್ಲೇ ಮುದಿಯಾಗ್ತವೆ ಕಣೇ. ಇಷ್ಟು ಸಾಕು ಅನ್ಸಿದ್ರೆ ಹೊರಟುಬಿಡ್ತವೆ."

ಮತ್ತೆ ಕಣ್ಣಿಟ್ಟು ನೋಡಿದೆ. ಮೂರು ಚುಕ್ಕೆ ಇನ್ನೂ ಹೊಳೆಯುತ್ತಿದ್ದವು. ಕೋಶ ಗುಂಡಗಾಯಿತು, ನಡು ಸಣ್ಣಗಾಯಿತು, ಎರಡಾಯಿತು.

ಅಪ್ಪ ಹೋದ ದಿನ ಅಕ್ಕ ಅಂದಿದ್ದಳು, "ನಿಂಗೇನು, ನೆಂಟರ ಥರ ಬಂದು ಹೋಗೋಳು." ಆ ಮಾತು ಚುಚ್ಚುವುದು ಪೂರ್ತಿ ನಿಂತ ಮೇಲೇ ಫೋನ್ ಮಾಡುವೆನೆಂದು ಹಟ ಹಿಡಿದು ಮೂರು ವರ್ಷವಾಯಿತು. ಇವತ್ತೂ ಚುಚ್ಚುತ್ತದೆ. ಆದರೆ ಚಿಕ್ಕಂದಿನಲ್ಲಿ ನನ್ನ ತಲೆ ಬಾಚುವಾಗ ಹಲ್ಲಲ್ಲಿ ಕ್ಲಿಪ್ಪು ಕಚ್ಚಿಕೊಂಡೇ ಬೈಯುತ್ತಿದ್ದಳಲ್ಲ, ಆ ಬೈಗುಳ ಒಮ್ಮೆ ಕಿವಿಗೆ ಬಿದ್ದರೆ ಸಾಕೆನಿಸುತ್ತದೆ.

ಕೆಂಪು ಗೀಟುಗಳ ಪಕ್ಕದಲ್ಲೆಲ್ಲ "ಇದೂ ಸೇರಿದೆ" ಎಂದು ಬರೆದು ಬಂದೆ.

ಗಂಟೆ ಹನ್ನೊಂದು. ಅಕ್ಕ ಮಲಗಿರುತ್ತಾಳೆ. ಎಬ್ಬಿಸಿದರೆ ಬೈಯುತ್ತಾಳೆ. ಬೈಯಲಿ ಎಂದೇ ಫೋನ್ ಮಾಡುತ್ತಿದ್ದೇನೆ.